ಅರ್ಧದಾರಿಯ ಬಂಡೆ

ಚಟ್ಟದ ಮೂರನೇ ಗಂಟು ಬಿಗಿಯುವಷ್ಟರಲ್ಲಿ ಹುರಿ ಮುಗಿಯಿತು. ದುರ್ಗಯ್ಯ ಗಂಟು ಸಡಿಲವಾಗದಂತೆ ಹೆಬ್ಬೆರಳಿನಲ್ಲಿ ಅದುಮಿಕೊಂಡೇ ತಲೆಯೆತ್ತಿದ.

"ಯಾರಾದ್ರೂ ಹುರಿ ಕೊಡ್ರಲಾ. ಮೂವತ್ತು ವರ್ಷ ಕೊಬ್ಬರಿ ಚೀಲ ಹೊಲಿದೋನ ಮನೇಲಿ ಹುರೀಗೆ ಬರ ಬಂತಾ?"

ಒಳಗಿನಿಂದ ಸಿದ್ದಮ್ಮನ ದನಿ ಕೇಳಿತು. ಅತ್ತು ಅತ್ತು ಅದು ಒಡೆದುಹೋಗಿತ್ತು. "ಗೂಟದಾಗೆ ಕೈಚೀಲ ಐತೆ ನೋಡ್ರಪ್ಪ, ಉಂಡೆ ಅದರೊಳಗೈತೆ. ದಬ್ಬಳಾನೂ ಅದರಾಗೇ ಐತೆ, ಕೈಗೆ ಚುಚ್ಕಂಡೀರಿ."

ತೀರಿಕೊಂಡ ಹುಚ್ಚಣ್ಣನ ಅಣ್ಣನ ಮಗ ಮಾಯಣ್ಣ ಕೈಚೀಲ ತಂದುಕೊಟ್ಟ. ತಿಪಟೂರಿನ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವ ಆ ಉದ್ದನೆಯ ದಪ್ಪ ಸೂಜಿಯನ್ನು ದುರ್ಗಯ್ಯ ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು ನೋಡಿದ. ಎದ್ದು ಹೋಗಿ ಜಗಲಿಯ ಮೇಲೆ ಮಲಗಿಸಿದ್ದ ಹುಚ್ಚಣ್ಣನ ತಲೆದೆಸೆಯಲ್ಲಿ ಇಟ್ಟುಬಂದ. ಆಮೇಲೆ ಉಂಡೆ ಬಿಚ್ಚಿ ಕೆಲಸ ಮುಂದುವರಿಸಿದ.

"ಗಟ್ಟಿಯಾಗಿ ಕಟ್ಟು ದುರ್ಗಣ್ಣ. ನಮ್ಮ ಚಿಕ್ಕಪ್ಪ ಸಣ್ಣ ಆಸಾಮಿ ಅಲ್ಲ."

"ಗೊತ್ತು ಕಣ್ಲಾ. ನಿನ್ನೆ ಎತ್ತಿ ಮಲಗ್ಸಿದ್ದು ಯಾರು? ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ."

ಹಿಂದಿನ ದಿನ ಸಂಜೆ ಹುಚ್ಚಣ್ಣ ತೋಟದಿಂದ ಬಂದು ಕಾಲು ತೊಳೆದುಕೊಂಡು ಕುಡಿಯಲು ನೀರು ಕೇಳಿದ್ದ. ಹೆಂಡತಿ ಸಿದ್ದಮ್ಮ ಚೆಂಬು ತರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದ. ಎಪ್ಪತ್ತು ದಾಟಿತ್ತು. ಮಕ್ಕಳಿರಲಿಲ್ಲ. ತೋಟವೆಂದರೂ ದೊಡ್ಡದೇನಲ್ಲ. ತಿಪಟೂರಿನ ಅಂಚಿನಲ್ಲಿ, ರೈಲಿನ ಮೋರಿಗೆ ಈಚೆ ಎಂಟು ಗುಂಟೆ ಜಾಗ, ಅದರಲ್ಲಿ ಹನ್ನೊಂದು ತೆಂಗಿನ ಮರ. ಅವನ ಅವ್ವನನ್ನು ಮಣ್ಣು ಮಾಡಿದ್ದು ಅಲ್ಲೇ. ಅವನ ಗುಂಡಿಯನ್ನೂ ಬೆಳಿಗ್ಗೆಯಿಂದ ಅಲ್ಲೇ ತೋಡುತ್ತಿದ್ದರು. ಇಪ್ಪತ್ತು ಮನೆಯ ಈ ಪಾಳ್ಯದಿಂದ ಅಲ್ಲಿಗೆ ಹಳ್ಳದ ದಂಡೆಯ ಕಾಲುದಾರಿಯಲ್ಲಿ ಹೋದರೆ ಎರಡೂವರೆ ಮೈಲಿ. ಬಸ್ಸಿನ ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಐದು.

ಬೀದಿಯ ತುದಿಯಲ್ಲಿ ಟ್ರಾಕ್ಟರ್ ಸದ್ದಾಯಿತು. ಅದರಿಂದಿಳಿದವನು ಶ್ರೀರಂಗಯ್ಯ. ಹಳ್ಳದ ದಂಡೆಯ ಜಮೀನು ಕೊಂಡು, ಮರ ಕಡಿಸಿ, ಸೈಟು ಮಾಡಿ, ನಂಬರು ಬರೆದ ಕಲ್ಲು ನೆಡಿಸಿದವನು ಅವನೇ. ಕಾಲುದಾರಿ ಆ ಸೈಟುಗಳ ನಡುವೆಯೇ ಹಾದುಹೋಗುತ್ತಿತ್ತು. ಅವನು ಹುಚ್ಚಣ್ಣನ ಎದೆಯ ಮೇಲೆ ಸೇವಂತಿಗೆ ಹಾರ ಇಟ್ಟು, ಕೈಮುಗಿದು, ಸಾಕಷ್ಟು ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ದುರ್ಗಯ್ಯನ ಹತ್ತಿರ ಬಂದ.

"ಟ್ರೇಲರ್ ತೊಳೆಸಿ ಹುಲ್ಲು ಹಾಸಿಸೀನಿ ದುರ್ಗಯ್ಯ. ರಸ್ತೆ ಮೇಲೆ ನಿಧಾನಕ್ಕೆ ಹೋದ್ರೂ ಒಂದು ಗಂಟೆ. ಯಾರ ಭುಜಾನೂ ನೋಯಾಕಿಲ್ಲ."

"ಒಳ್ಳೇದೇ ಆಯ್ತು ಬುಡಿ," ಎಂದ ಮಾಯಣ್ಣ.

ಸಿದ್ದಮ್ಮ ಬಾಗಿಲಿಗೆ ಬಂದಳು. "ಟ್ರಾಕ್ಟರ್ ಬ್ಯಾಡ ಕಣಪ್ಪ."

"ಯಾಕಮ್ಮ?"

"ನಮ್ಮೋರಿಗೆ ಗಾಡಿ ಆಗಿಬರಾಕಿಲ್ಲ. ಮದುವೆ ಮಾಡ್ಕಂಡು ಅರಳಗುಪ್ಪೆಯಿಂದ ರೈಲಲ್ಲಿ ಬತ್ತಾ ಬಾಸಿಂಗ ಕಟ್ಕಂಡೇ ಕಿಟಕೀಲಿ ವಾಂತಿ ಮಾಡ್ಕಂಡ್ರು. ಅವತ್ತಿಂದ ಯಾವ ಗಾಡೀನೂ ಹತ್ತಿಲ್ಲ. ಹೋಗೋ ದಿನ ಯಾಕೆ ಹತ್ತಿಸ್ತೀರಿ?"

ಗರಿ ಹೆಣೆಯುತ್ತಿದ್ದವರಲ್ಲಿ ಒಬ್ಬ ನಕ್ಕುಬಿಟ್ಟ. ಕೂಡಲೇ ಕೆಮ್ಮಿ ಮುಚ್ಚಿಕೊಂಡ.

"ಹಳ್ಳದ ದಾರೀಲಿ ಕಳಿಸ್ರಿ. ಈ ಊರಿನ ಹೆಣ್ಮಕ್ಕಳನ್ನೆಲ್ಲ ಇಸ್ಕೂಲಿಗೆ ಕರ್ಕಂಡೋದ ದಾರಿ ಅದು. ಬ್ಯಾರೆ ದಾರಿ ಅವ್ರಿಗೆಲ್ಲಿ ಗೊತ್ತು?"

ಶ್ರೀರಂಗಯ್ಯ ಕೈಗಡಿಯಾರದ ಪಟ್ಟಿ ಸರಿಮಾಡಿಕೊಂಡ. "ಅಲ್ಲಿ ತಂತಿ ಬೇಲಿ ಐತಲ್ಲಮ್ಮ."

"ಹಾಕಿಸಿದೋರು ನೀವೇ ಅಲ್ವಾ?" ಎಂದಳು ಸಿದ್ದಮ್ಮ.

* * *

ಆ ಹೊತ್ತಿಗೆ ಗಿರಿಜಾಂಬಿಕಾ ಅದೇ ತಂತಿ ಬೇಲಿಯ ಕೆಳಗೆ ಬಗ್ಗಿ ನುಸುಳುತ್ತಿದ್ದಳು. ಅವಳು ಪಾಳ್ಯದ ಹುಡುಗಿ. ಈಗ ಮಾಯಸಂದ್ರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಬೆಳಗಿನ ಮೊದಲ ಬಸ್ಸಿನ ಕಂಡಕ್ಟರು ಸುದ್ದಿ ಮುಟ್ಟಿಸಿದ ಮೇಲೆ ಸ್ಕೂಲಿಗೆ ಚೀಟಿ ಕಳಿಸಿ, ಉಟ್ಟ ಸೀರೆಯಲ್ಲೇ ಹೊರಟಿದ್ದಳು. ತಿಪಟೂರಿನಲ್ಲಿ ಇಳಿದರೆ ಪಾಳ್ಯದ ಬಸ್ಸು ಹೊರಟುಹೋಗಿತ್ತು. ಮುಂದಿನದು ಹನ್ನೆರಡಕ್ಕೆ. ಸ್ಟೇಷನ್ನಿನ ಹಿಂದುಗಡೆಯಿಂದ ಇಳಿದು, ರೈಲಿನ ಮೋರಿ ದಾಟಿ, ಕಾಲುದಾರಿ ಹಿಡಿದಳು.

ಹುಚ್ಚಣ್ಣನ ತೋಟದಲ್ಲಿ ಇಬ್ಬರು ಗುಂಡಿ ತೋಡುತ್ತಿದ್ದರು. ಅವರ ಕಡೆ ನೋಡದೆ ಮುಂದೆ ಬಂದಳು. ಅಲ್ಲಿಂದಾಚೆ ಎಲ್ಲ ಹೊಸ ಮನೆಗಳು. ಅವುಗಳ ಹಿತ್ತಿಲ ಬಾಗಿಲು ಹಳ್ಳದ ಕಡೆಗಿತ್ತು. ಒಬ್ಬ ಹೆಂಗಸು ದಡದ ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಇನ್ನೊಂದು ಮನೆಗೆ ಇನ್ನೂ ತಾರಸಿ ಆಗಿರಲಿಲ್ಲ, ಆದರೆ ರೇಡಿಯೋ ಹಾಡುತ್ತಿತ್ತು. ಆಮೇಲೆ ಶ್ರೀರಂಗಯ್ಯನ ಬಟ್ಟ ಬಯಲು, ಸಾಲಾಗಿ ನಂಬರು ಕಲ್ಲುಗಳು, ನಡುವೆ ಸವೆದು ಬೆಳ್ಳಗೆ ಕಾಣುವ ಕಾಲುದಾರಿ. ಬೇಲಿಯಾಚೆ ಮತ್ತೆ ಮರಗಳು ಶುರುವಾದವು. ಒಂದೇ ಹೆಜ್ಜೆಗೆ ಬಿಸಿಲು ನಿಂತುಹೋಯಿತು. ಹೊಂಗೆಯ ಹೂವು ದಾರಿಯ ತುಂಬ ಉದುರಿತ್ತು. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು, ಮೊದಲಿನಷ್ಟು ತಿಳಿಯಾಗಿರಲಿಲ್ಲ. ಮಿಂಚುಳ್ಳಿಯೊಂದು ಕೊಂಬೆಯಿಂದ ಕೊಂಬೆಗೆ ಅವಳ ಮುಂದೆಯೇ ಹಾರಿಕೊಂಡು ಹೋಯಿತು.

ಈ ದಾರಿಯಲ್ಲಿ ಅವಳು ಒಂಟಿಯಾಗಿ ನಡೆದದ್ದು ಅದೇ ಮೊದಲು.

ಆ ಕಡೆ ಒಂದು ರೂಢಿಯಿದೆ. ಅರ್ಧ ದಾರಿಗೆ ಚಟ್ಟವನ್ನು ನೆಲಕ್ಕಿಳಿಸಿ, ತಲೆಯ ದಿಕ್ಕು ತಿರುಗಿಸಿ, ಮತ್ತೆ ಎತ್ತುತ್ತಾರೆ. ಹೆಂಡತಿಯಾಗಲಿ, ಮಗಳಾಗಲಿ, ಹೆಂಗಸರು ಅಲ್ಲಿಯವರೆಗೆ ಮಾತ್ರ ಹಿಂದೆ ಹೋಗಬಹುದು. ಇಳಿಸಿದ ಜಾಗದಿಂದ ಮನೆಗೆ ಹಿಂದಿರುಗಬೇಕು. ಗಿರಿಜಾ ಬಸ್ಸಿನಲ್ಲಿ ಕುಳಿತಾಗಲೇ ಲೆಕ್ಕ ಹಾಕಿದ್ದಳು. ಹೈಸ್ಕೂಲಿನ ಮೂರು ವರ್ಷ ಹುಚ್ಚಣ್ಣನ ಹಿಂದೆ ನಡೆದದ್ದಕ್ಕೆ ಇವತ್ತು ಅರ್ಧ ದಾರಿಯಾದರೂ ಸಿಗುತ್ತದೆ. ಆ ಅರ್ಧದಲ್ಲಿ ಒಂದು ಹೆಜ್ಜೆಯನ್ನೂ ಅವಳು ಬಿಡುವವಳಲ್ಲ.

* * *

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಪಾಳ್ಯದಲ್ಲಿ ಏಳನೇ ಕ್ಲಾಸು ಮುಗಿಸಿದ ಮೊದಲ ಹುಡುಗಿ ಚಿಕ್ಕಗೌರಮ್ಮ. ಹೈಸ್ಕೂಲು ತಿಪಟೂರಿನಲ್ಲಿ, ಬಸ್ಸು ಇರಲಿಲ್ಲ. ಹಳ್ಳದ ದಾರಿಯಲ್ಲಿ ಕೇದಗೆ ಮೆಳೆಯೊಳಗೆ ಹಾವಿದ್ದವು, ಹುಣಸೆ ತೋಪಿನಲ್ಲಿ ಇಸ್ಪೀಟಾಡುವ ಗಂಡಸರಿದ್ದರು. ಮನೆಯವರಿಗೆ ಹಾವಿಗಿಂತ ಅವರ ಹೆದರಿಕೆಯೇ ಹೆಚ್ಚು. ಚಿಕ್ಕಗೌರಮ್ಮನ ಅಪ್ಪ ಅವಳ ಪುಸ್ತಕವನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದ.

ಒಂದು ಸಂಜೆ ಹುಚ್ಚಣ್ಣ ಅವರ ಮನೆ ಮುಂದೆ ಬಂದು ನಿಂತ. "ನಾನು ದಿನಾ ಮಂಡೀಗೆ ಹೋಗ್ತೀನಲ್ಲ. ಮಗು ನನ್ನ ಹಿಂದೆ ಬರ್ಲಿ."

"ಊರೋರು ಏನಂತಾರೋ ಹುಚ್ಚಣ್ಣ."

"ನಾನು ಮುಂದೆ, ಮಗು ಹಿಂದೆ, ಮಧ್ಯ ಹತ್ತು ಮಾರು. ನಾನು ತಿರುಗಿ ನೋಡಿದ್ರೆ ಊರೋರು ಕೇಳ್ಲಿ."

ಅವನು ತಿರುಗಿ ನೋಡಲಿಲ್ಲ. ಹೆಣ್ಣುಮಕ್ಕಳು ಲಂಗ ಎತ್ತಿಕೊಂಡು ಹಳ್ಳ ದಾಟಬೇಕಿತ್ತು. ಅದಕ್ಕೇ ಹಾಗೆ ಮಾಡಿದ. ಆದರೆ ಹಿಂದೆ ಬರುತ್ತಿದ್ದಾರೋ ಇಲ್ಲವೋ ಗೊತ್ತಾಗಬೇಕಲ್ಲ. "ಬಾಯಿ ಬಿಟ್ಕಂಡು ಬರ್ರವ್ವ. ಸದ್ದು ನಿಂತ್ರೆ ನಾನೂ ನಿಲ್ತೀನಿ," ಎಂದಿದ್ದ. ಮಾತು ಎಷ್ಟು ಹೊತ್ತು ಆಡುವುದು? ಹುಡುಗಿಯರು ಪಾಠ ಒಪ್ಪಿಸುತ್ತಾ ನಡೆದರು. ಮಗ್ಗಿ, ಪದ್ಯ, ರಾಜರ ಹೆಸರು, ನದಿಗಳ ಹೆಸರು. ಸ್ಕೂಲಿನ ಮೆಟ್ಟಿಲು ಹತ್ತದ ಹುಚ್ಚಣ್ಣ ಎಲ್ಲವನ್ನೂ ಬೆನ್ನಿನಿಂದಲೇ ಕಲಿತುಕೊಂಡ. ಮಂಡಿಯಲ್ಲಿ ಚೀಲ ಹೊಲಿಯುವಾಗ ಒಂದೊಂದು ಹೊಲಿಗೆಗೂ ಹದಿನೇಳರ ಮಗ್ಗಿ ಹೇಳುತ್ತಾನೆಂದು ಅಲ್ಲಿಯವರು ನಗುತ್ತಿದ್ದರು. ವರ್ಷಕ್ಕೆ ಒಬ್ಬರು, ಇಬ್ಬರು ಸೇರಿಕೊಂಡರು. ಎಂಬತ್ತರಲ್ಲಿ ಪಾಳ್ಯಕ್ಕೆ ಬಸ್ಸು ಬರುವವರೆಗೆ ಇಪ್ಪತ್ತಮೂರು ಹುಡುಗಿಯರು ಅವನ ಹಿಂದೆ ನಡೆದರು. ಬಸ್ಸು ಬಂದ ಮೇಲೆ ಅವನೊಬ್ಬನೇ ನಡೆದ.

ಹೊಸದಾಗಿ ಸೇರಿದ ಹುಡುಗಿ ಮೊದಲ ವಾರ ಅಳುವುದು ವಾಡಿಕೆ. ಕಾಲು ನೋವು, ಮುಳ್ಳು, ಹಸಿವು. ಹಳ್ಳದ ದಡದಲ್ಲಿ ಒಂದು ಚಪ್ಪಟೆ ಕರಿಬಂಡೆಯಿತ್ತು. ಹುಚ್ಚಣ್ಣ ಅಲ್ಲಿಗೆ ಬಂದಾಗ ಜೇಬಿನಿಂದ ಮಂಡಿಯ ಒಡಕು ಕೊಬ್ಬರಿ ತೆಗೆದು, ಬಂಡೆಯ ಮೇಲಿಟ್ಟು, ಹತ್ತು ಮಾರು ಮುಂದೆ ಹೋಗಿ ಬೆನ್ನು ಹಾಕಿ ನಿಲ್ಲುತ್ತಿದ್ದ.

"ಅರ್ಧ ಆಯ್ತು ಕಣ್ರವ್ವ. ತಿನ್ಕಂಡು ಬರ್ರಿ."

ಕೊಬ್ಬರಿ ಅಗಿಯುತ್ತಾ, ಅರ್ಧ ಮುಗಿಯಿತೆಂಬ ಸಮಾಧಾನದಲ್ಲಿ ಹುಡುಗಿಯರು ಮತ್ತೆ ನಡೆಯುತ್ತಿದ್ದರು.

* * *

ಗಿರಿಜಾ ಬಂದಾಗ ಬಾಯಿಗೆ ಅಕ್ಕಿ ಹಾಕುತ್ತಿದ್ದರು. ಅವಳ ಸೀರೆಯ ಅಂಚು ಒದ್ದೆಯಾಗಿತ್ತು, ತುಂಬ ಉತ್ತರಾಣಿ ಮುಳ್ಳು ಮೆತ್ತಿಕೊಂಡಿತ್ತು. ಅವಳೂ ಅಕ್ಕಿ ಹಾಕಿದಳು. ಹುಚ್ಚಣ್ಣನ ಮುಖವನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಕಡಿಮೆ. ಗಲ್ಲದ ಮೇಲೆ ಒಂದು ಮಚ್ಚೆಯಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ. ಬೋರಲು ಮಲಗಿಸಿದ್ದರೆ ತಕ್ಷಣ ಗುರುತು ಹತ್ತುತ್ತಿತ್ತು ಅನ್ನಿಸಿತು.

"ನಡ್ಕಂಡು ಬಂದ್ಯೇನೇ?" ಎಂದಳು ಚಿಕ್ಕಗೌರಮ್ಮ. ಅವಳಿಗೆ ಈಗ ಮೂರು ಮಕ್ಕಳು, ಎರಡು ಕೈತುಂಬ ಬಳೆ. "ನಾನು ಬಸ್ಸಲ್ಲಿ ಬಂದೆ. ಮಾವ ನೋಡಿದ್ರೆ ಬೈಯೋರು."

"ಯಾವತ್ತು ಬೈದಿದ್ರು?"

"ಅದೂ ನಿಜಾನೇ ಬುಡು," ಎಂದು ಚಿಕ್ಕಗೌರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಂಗಳದಲ್ಲಿ ಮಾತು ಜೋರಾಗಿತ್ತು. ಸಿದ್ದಮ್ಮ ಟ್ರಾಕ್ಟರಿಗೆ ಒಪ್ಪದೆ ಹೊಸಲಿನ ಮೇಲೆ ಕುಳಿತುಬಿಟ್ಟಿದ್ದಳು. ಕೊನೆಗೆ ಶ್ರೀರಂಗಯ್ಯನೇ ಒಂದು ಮೆಟ್ಟಿಲು ಇಳಿದ.

"ಆಯ್ತು ಕಣಮ್ಮ. ಬೇಲಿ ಬಿಚ್ಚಿಸ್ತೀನಿ. ಹಳ್ಳದ ದಾರೀಲೇ ಹೋಗ್ಲಿ. ಆದ್ರೆ ನನ್ನ ಸೈಟೊಳಗೆ ಎಲ್ಲೂ ಚಟ್ಟ ಇಳಿಸಬಾರ್ದು. ಹೆಣ ಇಳಿಸಿದ ಜಾಗ ಅಂತ ಒಂದು ಸಲ ಮಾತು ಬಂದ್ರೆ ಅಲ್ಲಿ ಯಾವನು ಮನೆ ಕಟ್ತಾನೆ? ನೀವೇ ಹೇಳಿ. ನಿಮ್ಮ ಮಗಳನ್ನ ಆ ಮನೆಗೆ ಕೊಡ್ತೀರಾ?"

ಅವನು ಹೇಳಿದ್ದು ಸುಳ್ಳಲ್ಲ.

"ಅರ್ಧದಾಗೆ ಇಳಿಸ್ಲೇಬೇಕಲ್ಲ ಶ್ರೀರಂಗಯ್ಯೋರೇ," ಎಂದ ದುರ್ಗಯ್ಯ.

"ಅರ್ಧ ಎಲ್ಲಿ ಬತ್ತದೆ?"

"ನಿಮ್ಮ ಬೇಲಿ ಒಳಗೇ," ಎಂದ ಮಾಯಣ್ಣ. "ಏಳನೇ ನಂಬರೋ, ಎಂಟನೇ ನಂಬರೋ."

"ಅಂಗಾದ್ರೆ ಟ್ರಾಕ್ಟರ್ರೇ ಗತಿ," ಎಂದು ಶ್ರೀರಂಗಯ್ಯ ಹೆಗಲ ಮೇಲಿನ ಟವೆಲ್ ಕೊಡವಿದ. ಸಿದ್ದಮ್ಮ ಹೊಸಲಿನಿಂದ ಅಲುಗಲಿಲ್ಲ.

ಚಿಕ್ಕಗೌರಮ್ಮ ಹೆಂಗಸರ ನಡುವಿನಿಂದ ಎದ್ದುನಿಂತಳು. "ಏನ್ ಮಾತಾಡ್ತೀರಿ ನೀವು? ಅರ್ಧ ಅಂದ್ರೆ ಕರಿಬಂಡೆ. ಅದು ಬೇಲಿಗಿಂತ ಈಚೆಗೈತೆ. ಸರ್ಕಾರಿ ಜಾಗ."

"ಬಂಡೆ ಇಲ್ಲೇ ಐತಲ್ಲಕ್ಕ, ಕೂಗಿದ್ರೆ ಕೇಳ್ತದೆ," ಎಂದ ಮಾಯಣ್ಣ.

"ನೀನೇನು ದಿನಾ ನಡ್ದಿದ್ದೀಯೇನ್ಲಾ? ನಾನು ಆರು ವರ್ಷ ನಡ್ದೀನಿ."

"ಮೂರು ವರ್ಷದ ಹೈಸ್ಕೂಲಿಗೆ ಆರು ವರ್ಷಾನಾ?"

"ಫೇಲಾದೋರನ್ನೇನು ಹೊತ್ಕಂಡು ಹೋಗ್ತಾರಾ? ಆವಾಗ್ಲೂ ನಡ್ಕಂಡೇ ಹೋಗ್ಬೇಕು."

ಈ ಸಲ ಸಿದ್ದಮ್ಮನ ತುಟಿಯೂ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಹುಚ್ಚಣ್ಣನ ಹಿಂದೆ ನಡೆದಿದ್ದ ಉಳಿದವರೂ ಸೇರಿಕೊಂಡರು. ಬಂಡೆಯೇ ಅರ್ಧ ಎಂದಳು ವಿಮಲಮ್ಮ. ಬಂಡೆಯಲ್ಲದೆ ಇನ್ನೇನು ಎಂದಳು ಅವಳ ತಂಗಿ. ದನಿಗೂಡಿಸಿದ ಹನ್ನೆರಡು ಹದಿಮೂರು ಹೆಂಗಸರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಚಿಕ್ಕಂದಿನಿಂದ ಕೇಳಿ ನಂಬಿದ ಮಾತು ಅದು. ತಮ್ಮ ಮಕ್ಕಳಿಗೂ ಹಾಗೆಯೇ ಹೇಳಿದ್ದರು.

ಶ್ರೀರಂಗಯ್ಯನ ಮುಖ ಅರಳಿತು. ದುರ್ಗಯ್ಯ ಮಾತ್ರ ಗಡ್ಡ ಕೆರೆದುಕೊಂಡ. "ಬಸ್ಸು ಬಂದ ಮೇಲೆ ನಾನು ಆ ದಾರಿ ತುಳಿದೇ ಇಲ್ಲ. ಅಳತೆ ತಪ್ಪಿ ಇಳಿಸಿದ್ರೆ ಹೋದ ಜೀವ ದಾರಿ ತಿಳೀದೆ ಅಲೀತದೆ ಅಂತಾರೆ. ನಾಳೆ ನನ್ನ ಅನ್ನಬಾರ್ದು." ಅವನು ಸುತ್ತ ನೋಡಿ ಗಿರಿಜಾಳನ್ನು ಕಂಡ. "ಇವ್ಳು ಲೆಕ್ಕದ ಮೇಡಂ ಅಲ್ವಾ? ಸರಿಯಾಗಿ ಹೇಳವ್ವ. ಅರ್ಧ ಎಲ್ಲಿಗೆ ಬತ್ತದೆ?"

ಎಲ್ಲರೂ ಅವಳ ಕಡೆ ತಿರುಗಿದರು.

* * *

ಒಂಬತ್ತನೇ ಕ್ಲಾಸಿನಲ್ಲಿ ಗಿರಿಜಾಗೆ ಲೆಕ್ಕದ ಹುಚ್ಚು ಹಿಡಿದಿತ್ತು. ಕಂಡದ್ದನ್ನೆಲ್ಲ ಅಳೆಯುತ್ತಿದ್ದಳು. ಒಂದು ದಿನ ಬೆಳಿಗ್ಗೆ ಹುಣಸೆ ಬೀಜ ತಂದು, ನೂರು ಹೆಜ್ಜೆಗೊಂದರಂತೆ ಬಲಗೈಯಿಂದ ಚೀಲಕ್ಕೆ ಹಾಕುತ್ತಾ ನಡೆದಳು. ಅವಳು ಪಾಠ ಒಪ್ಪಿಸದೆ ಇದ್ದುದಕ್ಕೆ ಹುಚ್ಚಣ್ಣ ಎರಡು ಸಲ ನಿಂತ. ಮತ್ಯಾರೋ ಪದ್ಯ ಶುರುಮಾಡಿದ ಮೇಲೆ ನಡೆದ. ಬಂಡೆಗೆ ಬಂದಾಗ ಇಪ್ಪತ್ತೊಂದು ಬೀಜ. ರೈಲಿನ ಮೋರಿಗೆ ಬಂದಾಗ ಅರವತ್ತಮೂರು.

ಅವಳು ಮತ್ತೆರಡು ದಿನ ಎಣಿಸಿದಳು. ಅಷ್ಟೇ ಬಂತು. ಮೂರನೆಯ ದಿನ ಸಂಜೆ ವಾಪಸು ಬರುವಾಗ ಬೇಕೆಂದೇ ಉಳಿದವರನ್ನು ಹಿಂದೆ ಬಿಟ್ಟು, ಹತ್ತು ಮಾರು ಇದ್ದದ್ದನ್ನು ಐದು ಮಾಡಿಕೊಂಡಳು.

"ಮಾವ, ಬಂಡೆ ಅರ್ಧ ಅಲ್ಲ."

ಹುಚ್ಚಣ್ಣ ನಿಂತ, ತಿರುಗಲಿಲ್ಲ. ಅವನ ಷರ್ಟಿನ ಬೆನ್ನಿಗೆ ಚೀಲದ ದಾರದಲ್ಲೇ ಹಾಕಿದ ತೇಪೆಯಿತ್ತು. ಅವಳು ಅದನ್ನೇ ನೋಡುತ್ತಾ ಹೇಳಿದಳು. "ಮೂರರಲ್ಲಿ ಒಂದು ಪಾಲು ಅಷ್ಟೇ. ಒಟ್ಟು ಆರು ಸಾವಿರದ ಮುನ್ನೂರು ಹೆಜ್ಜೆ. ಬಂಡೆ ಎರಡು ಸಾವಿರದ ನೂರಕ್ಕೇ ಬತ್ತದೆ."

"ಸರಿಯಾಗಿ ಎಣಿಸ್ದಾ?"

"ಮೂರು ಸಲ."

ಅವನು ಕೋಲಿನಿಂದ ಒಂದು ಒಣಗಿದ ಕೇದಗೆ ಎಲೆಯನ್ನು ದಾರಿಯಿಂದಾಚೆ ಸರಿಸಿದ. "ನಿನ್ನ ಲೆಕ್ಕ ಸರಿ ಕಣವ್ವ. ನನಗೂ ಗೊತ್ತು."

"ಮತ್ಯಾಕೆ ಅರ್ಧ ಅಂತೀರಿ?"

"ಅಳ್ತಾ ಕುಂತ ಮಗೂಗೆ ಇನ್ನೂ ಎರಡು ಪಾಲು ಐತೆ ಅಂದ್ರೆ ಅಲ್ಲೇ ಕುಂತುಬುಡ್ತದೆ. ಅರ್ಧ ಅಂದ್ರೆ ಎದ್ದು ಬತ್ತದೆ." ಹಿಂದಿನಿಂದ ಉಳಿದ ಹುಡುಗಿಯರ ಸದ್ದು ಹತ್ತಿರವಾಗುತ್ತಿತ್ತು. ಅವನು ದನಿ ತಗ್ಗಿಸಿದ. "ವಿಮಲ ಹೊಸಬಳು. ಅವಳಿಗೆ ಹೇಳಬ್ಯಾಡ."

ಗಿರಿಜಾ ವಿಮಲಳಿಗೆ ಹೇಳಲಿಲ್ಲ. ಆಮೇಲೆ ಬಂದವರಿಗೂ ಹೇಳಲಿಲ್ಲ. ಮಾರನೆಯ ದಿನ ಬಂಡೆಯ ಮೇಲೆ ಅವಳ ಪಾಲಿನ ಕೊಬ್ಬರಿ ಚೂರು ಉಳಿದವರದಕ್ಕಿಂತ ದೊಡ್ಡದಾಗಿತ್ತು.

* * *

ಇಷ್ಟು ವರ್ಷದ ಮೇಲೆ ಅದೇ ಪ್ರಶ್ನೆ ಅವಳ ಮುಂದೆ ಬಂದು ನಿಂತಿತ್ತು. ಮೂರು ಸಾವಿರದ ನೂರೈವತ್ತನೆಯ ಹೆಜ್ಜೆ ಎಲ್ಲಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಮಾಯಣ್ಣ ಹೇಳಿದ್ದೇ ಸರಿ, ಬೇಲಿಯೊಳಗೆ. ಸರಿಯಾದ್ದನ್ನು ಹೇಳಿದರೆ ಹುಚ್ಚಣ್ಣ ಟ್ರಾಕ್ಟರಿನಲ್ಲಿ ಐದು ಮೈಲಿ ಕುಲುಕುತ್ತಾ ಹೋಗಬೇಕು. ಬಂಡೆ ಎಂದರೆ ಅವನು ತನ್ನ ದಾರಿಯಲ್ಲೇ ಹೋಗುತ್ತಾನೆ. ಆದರೆ ಬಂಡೆಯಿಂದಾಚೆ ಹೆಂಗಸರು ಕಾಲಿಡುವ ಹಾಗಿಲ್ಲ. ಬಸ್ಸಿನಲ್ಲಿ ಕುಳಿತು ತನಗೆಂದು ಎಣಿಸಿಟ್ಟುಕೊಂಡ ಅರ್ಧದಲ್ಲಿ ಸಾವಿರದೈವತ್ತು ಹೆಜ್ಜೆ ಹೋಗಿಬಿಡುತ್ತದೆ. ಅವಳದಷ್ಟೇ ಅಲ್ಲ, ಸಿದ್ದಮ್ಮನದೂ.

"ಬಂಡೆ," ಎಂದಳು ಗಿರಿಜಾ.

"ಅಂದಾಜಲ್ಲ ತಾನೇ?"

"ಇಲ್ಲ ದುರ್ಗಣ್ಣ. ಹೆಜ್ಜೆ ಎಣಿಸಿದ್ದೀನಿ. ಮೂರು ಸಲ."

"ಮೇಡಮ್ಮೇ ಹೇಳಿದ ಮೇಲೆ ಇನ್ನೇನು?" ಎಂದ ಶ್ರೀರಂಗಯ್ಯ. ಬೇಲಿ ಬಿಚ್ಚಲು ಟ್ರಾಕ್ಟರಿನವನನ್ನು ಕೂಡಲೇ ಓಡಿಸಿದ. ತಾನು ಹಿಂದೆಯೇ ಉಳಿದ. ಸೈಟು ದಾಟುವವರೆಗೆ ಜೊತೆಯಲ್ಲೇ ಇರುವುದು ಮೇಲೆಂದು ಅವನಿಗೆ ತೋರಿರಬೇಕು.

ಹನ್ನೊಂದು ಗಂಟೆಗೆ ಎತ್ತಿದರು. ಮುಂದೆ ತಮಟೆ, ಅದರ ಹಿಂದೆ ಕೆಂಡದ ಮಡಕೆ ಹಿಡಿದ ಮಾಯಣ್ಣ. ಹೊರಲು ಎಂಟು ಜನ, ನಾಲ್ವರಾದ ಮೇಲೆ ನಾಲ್ವರು ಹೆಗಲು ಬದಲಿಸುತ್ತಾ. ದಾರಿ ಕಿರಿದಾಗಿದ್ದರಿಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಮರದ ಕೆಳಗೆ ಬಂದ ಮೇಲೆ ತಮಟೆಯ ಸದ್ದು ಬೇರೆಯಾಯಿತು. ಎಲೆಯ ಸಂದಿಯಲ್ಲಿ ಬಿಸಿಲು ಚಟ್ಟದ ಹಸಿರು ಗರಿಯ ಮೇಲೆ ಬಿದ್ದು ಬಿದ್ದು ಸರಿಯುತ್ತಿತ್ತು. ಹಳ್ಳ ದಾಟುವಲ್ಲಿ ಹೆಂಗಸರು ಸೀರೆ ಎತ್ತಿಕೊಂಡರು. ಮುಂದಿದ್ದವರಲ್ಲಿ ಯಾರೂ ತಿರುಗಲಿಲ್ಲ.

ಗಿರಿಜಾ ಎಣಿಸಬಾರದೆಂದುಕೊಂಡಳು. ಆದರೂ ಸಾವಿರದ ಎಂಟುನೂರರ ಮೇಲೆ ಹೆಜ್ಜೆಗಳು ತಾವಾಗಿಯೇ ಲೆಕ್ಕಕ್ಕೆ ಬಂದವು.

ಬಂಡೆಯ ಪಕ್ಕದಲ್ಲಿ ಇಳಿಸಿದರು. ದುರ್ಗಯ್ಯ ಮೂರು ಕಲ್ಲಿಟ್ಟು, ಪುರಿ ಚೆಲ್ಲಿ, ನೀರು ಬಿಟ್ಟ. ತಲೆಯ ದಿಕ್ಕು ತಿರುಗಿಸಿ ಎತ್ತಿದರು. "ಹೆಂಗಸ್ರೆಲ್ಲ ಇಲ್ಲಿಗೆ ನಿಲ್ರವ್ವ," ಎಂದ. ತಮಟೆ ಮುಂದೆ ಹೋಯಿತು. ಶ್ರೀರಂಗಯ್ಯ ಎಲ್ಲರಿಗಿಂತ ಹಿಂದೆ, ಪಂಚೆಯ ಅಂಚು ಹಿಡಿದುಕೊಂಡು, ಕೆಸರು ನೋಡಿ ನೋಡಿ ಕಾಲಿಡುತ್ತಾ ನಡೆದ.

ಹೆಂಗಸರು ತಕ್ಷಣ ಹಿಂದಿರುಗಬೇಕಿತ್ತು. ಯಾರೂ ಕದಲಲಿಲ್ಲ. ಸಿದ್ದಮ್ಮ ಬಂಡೆಯ ಮೇಲೆ ಕುಳಿತು, ಗಿರಿಜಾಳ ಸೀರೆಯ ಅಂಚಿನಿಂದ ಒಂದೊಂದೇ ಮುಳ್ಳು ಬಿಡಿಸತೊಡಗಿದಳು.

"ಎಷ್ಟು ಕಮ್ಮಿ ಹೇಳ್ದೆ?" ಎಂದಳು, ಬೇರೆಯವರಿಗೆ ಕೇಳದ ಹಾಗೆ.

ಗಿರಿಜಾ ಬೆಚ್ಚಿದಳು. "ನಿಮಗೆ ಗೊತ್ತಾ ಅತ್ತೆ?"

"ಮದುವೆ ದಿನ ಸ್ಟೇಷನ್ನಿಂದ ನಡೆಸ್ಕಂಡು ಬಂದ್ರಲ್ಲ. ನನಗೆ ಹದಿನಾಲ್ಕು. ಅಳ್ತಾ ಬತ್ತಿದ್ದೆ. ಮೋರಿ ಹತ್ರ ಅರ್ಧ ಆಯ್ತು ಅಂದ್ರು. ಹುಣಸೆ ತೋಪಿನ ಹತ್ರ ಅರ್ಧ ಆಯ್ತು ಅಂದ್ರು. ಇಲ್ಲೂ ಒಂದು ಸಲ ಅಂದ್ರು." ಅವಳು ಇನ್ನೊಂದು ಮುಳ್ಳು ಕಿತ್ತಳು. "ನಿಮಗೆ ಒಂದೇ ಸಲ ಹೇಳಿದ್ದಾರೆ ಅಂದ್ರೆ ಆಮೇಲಾಮೇಲೆ ಸುಧಾರಿಸಿದ್ರು ಅನ್ನು."

"ಸಾವಿರದ ಐವತ್ತು ಹೆಜ್ಜೆ, ಅತ್ತೆ. ನಿಮ್ಮ ಪಾಲಿಂದು ಕಿತ್ಕೊಂಡೆ."

"ಆಗ್ಲಿ ಬುಡು. ಕುಲುಕದಂಗೆ ಹೋಗ್ತಾರೆ."

ಚಿಕ್ಕಗೌರಮ್ಮ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬಂಡೆ ಹತ್ತಿದಳು. ಅಲ್ಲಿಂದ ಹೊಂಗೆಯ ಸಾಲು ಮುಗಿಯುವುದು, ಅದರಾಚೆ ಶ್ರೀರಂಗಯ್ಯ ಮರ ಕಡಿಸಿದ ಬಯಲು ಕಾಣುತ್ತಿತ್ತು. "ಇದೇನೇ ಇದು? ಬೇಲಿ ದಾಟಿದ್ರು, ಇನ್ನೂ ಮನೆಗಳೇ ಸಿಕ್ಕಿಲ್ಲ. ಆ ಕಡೆ ಅರ್ಧ ಇಷ್ಟು ಉದ್ದ ಇತ್ತಾ?"

ಒಬ್ಬೊಬ್ಬರಾಗಿ ಎದ್ದು ನೋಡಿದರು. ಗಿರಿಜಾ ಸಿದ್ದಮ್ಮನ ಕೈ ಹಿಡಿದು ಎಬ್ಬಿಸಿದಳು.

ಬಟ್ಟ ಬಯಲಿನಲ್ಲಿ ನೆತ್ತಿಯ ಬಿಸಿಲಿಗೆ ಹೊತ್ತವರು ತಡವರಿಸುತ್ತಿದ್ದರು. ನಾಲ್ವರ ಮೇಲೆ ನಾಲ್ವರು ಬದಲಾಗಿ, ಮತ್ತೆ ಬದಲಾಗಿ, ಎಂಟು ಜನಕ್ಕೂ ಸಾಕಾಗಿತ್ತು. "ಅರ್ಧ ಆಯ್ತು ಅಂದ್ರಲ್ಲಪ್ಪ, ಇನ್ನೂ ಎಲ್ಲೈತೆ ಮೋರಿ?" ಎಂದು ದುರ್ಗಯ್ಯ ಕೂಗಿದ್ದು ಗಾಳಿಯ ಮೇಲೆ ಇಲ್ಲಿಯವರೆಗೂ ಬಂತು. ಮುಂದಿನ ಎಡಗಡೆಯವನು ಜಲ್ಲಿಯ ಮೇಲೆ ಕಾಲು ಜಾರಿ ಕುಸಿದ. ಚಟ್ಟ ಒಂದು ಮೂಲೆಗೆ ವಾಲಿತು. ಇನ್ನೇನು ನೆಲ ಮುಟ್ಟಬೇಕು.

"ಇಳಿಸ್ಬ್ಯಾಡ್ರಪ್ಪಾ, ಇಲ್ಲಿ ಇಳಿಸ್ಬ್ಯಾಡಿ," ಎನ್ನುತ್ತಾ ಶ್ರೀರಂಗಯ್ಯ ಹಿಂದಿನಿಂದ ಓಡಿದ. ಓಡುತ್ತಲೇ ಬಗ್ಗಿ, ಇಸ್ತ್ರಿ ಮಾಡಿದ ಬಿಳಿ ಷರ್ಟಿನ ಹೆಗಲನ್ನು ಬಿದಿರಿನ ಕೆಳಗೆ ಕೊಟ್ಟ. ಚಟ್ಟ ನಡುಗಿ, ಮೇಲೆದ್ದು, ಮಟ್ಟಕ್ಕೆ ಬಂತು.

ಮತ್ತೆ ಹೊರಟರು. ಏಳನೇ ನಂಬರಿನ ಕಲ್ಲು ದಾಟಿತು, ಎಂಟನೆಯದು ದಾಟಿತು. ಶ್ರೀರಂಗಯ್ಯ ಒಂದು ಕೈಯಲ್ಲಿ ಬಿದಿರನ್ನೂ ಇನ್ನೊಂದರಲ್ಲಿ ಪಂಚೆಯನ್ನೂ ಹಿಡಿದುಕೊಂಡು, ಹೊತ್ತು ರೂಢಿಯಿಲ್ಲದವನ ಹಾಗೆ ಕತ್ತು ಓರೆ ಮಾಡಿಕೊಂಡು, ಎಲ್ಲರಿಗಿಂತ ಜೋರಾಗಿ ನಡೆಯುತ್ತಿದ್ದ. ಒಂಬತ್ತನೆಯ ಕಲ್ಲಿನ ಹತ್ತಿರ ಅವನ ಒಂದು ಚಪ್ಪಲಿ ಕಳಚಿಬಿತ್ತು. ಅವನು ಬರಿಗಾಲಲ್ಲೇ, ಜಲ್ಲಿಯ ಮೇಲೆ, ಹುಚ್ಚಣ್ಣನನ್ನು ಹೊತ್ತುಕೊಂಡು ಮುಂದೆ ಹೋದ.